ಬೆಳಗ್ಗೆಗೊಂದು ಸರೋವರ, ಸಂಜೆಗೊಂದು ಸರೋವರ: ಸಾಲ್ಟ್ಸ್‌ಕಾಮರ್‌ಗುಟ್‌ನಲ್ಲಿ ಕಾರಿನ ಸುತ್ತಾಟ

ಮ್ಯೂನಿಕ್‌ನಲ್ಲಿರುವ ನಮ್ಮಂಥವರ ಮನೆಗೆ ಬೇಸಿಗೆಯಲ್ಲಿ ಊರಿನಿಂದ ಯಾರಾದರೂ ಬಂದೇ ಬರುತ್ತಾರೆ. ಅಪ್ಪ ಅಮ್ಮ, ಅತ್ತೆ ಮಾವ, ಇಲ್ಲವೇ ತಂಗಿಯ ಸಂಸಾರ. ಬಂದವರಿಗೆಲ್ಲ ಆಲ್ಪ್ಸ್ ನೋಡುವ ಆಸೆ. ನಾನು ಅವರನ್ನು ಕರೆದುಕೊಂಡು ಹೋಗುವುದು ಆಸ್ಟ್ರಿಯಾದ ಸಾಲ್ಟ್ಸ್‌ಕಾಮರ್‌ಗುಟ್‌ಗೆ. ಸಾಲ್ಸ್‌ಬರ್ಗ್ ನಗರದ ಪೂರ್ವಕ್ಕೆ ಬೆಟ್ಟಗಳ ನಡುವೆ ಹತ್ತಾರು ಸರೋವರಗಳಿರುವ ಸೀಮೆ ಇದು. ಮೂರು ರಾಜ್ಯಗಳಲ್ಲಿ ಹರಡಿಕೊಂಡಿದೆ. ಉಪ್ಪಿನ ಗಣಿಗಳಿಂದ ಬದುಕಿದ ಜಾಗ. ಹಾಲ್‌ಸ್ಟಾಟ್ ಮತ್ತು ಡಾಖ್‌ಸ್ಟೈನ್ ಬೆಟ್ಟದ ಸುತ್ತಲಿನ ಭಾಗ 1997ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು.

ಇಲ್ಲಿಗೆ ಹೋಗಿ ಬಂದ ಎಷ್ಟೋ ಜನ ನನ್ನ ಹತ್ತಿರ ಹೇಳುವುದು ಒಂದೇ: "ಚೆನ್ನಾಗಿತ್ತು, ಆದರೆ ಸುಸ್ತಾಯಿತು." ಅವರ ಪಟ್ಟಿ ಕೇಳಿದರೆ ಕಾರಣ ಗೊತ್ತಾಗುತ್ತದೆ. ಒಂದೇ ದಿನದಲ್ಲಿ ಐದು ಸರೋವರ, ಎರಡು ಕೇಬಲ್ ಕಾರ್, ಒಂದು ಗಣಿ. ಮ್ಯಾಪ್‌ನಲ್ಲಿ ಎಲ್ಲವೂ ಇಪ್ಪತ್ತು, ಮೂವತ್ತು ಕಿಲೋಮೀಟರ್ ಅಂತರದಲ್ಲಿ ಕಾಣುತ್ತದೆ. ಹಾಗಾಗಿ ಎಲ್ಲ ಸೇರಿಸಿಬಿಡಬಹುದು ಅನ್ನಿಸುತ್ತದೆ. ಆದರೆ ಪಾರ್ಕಿಂಗ್ ಹುಡುಕುವುದು, ಟಿಕೆಟ್ ಸಾಲು, ಅಮ್ಮನ ಮಂಡಿ ನೋವು, ಮಕ್ಕಳ ಹಸಿವು, ಇವು ಯಾವುದೂ ಮ್ಯಾಪ್‌ನಲ್ಲಿ ಕಾಣುವುದಿಲ್ಲ.

ನಾನು ಪಾಲಿಸುವ ನಿಯಮ ಇಷ್ಟೇ. ದಿನಕ್ಕೆ ಎರಡೇ ಜಾಗ. ಬೆಳಗ್ಗೆಗೆ ಒಂದು, ಸಂಜೆಗೆ ಒಂದು. ನಡುವಿನ ಹೊತ್ತು ಊಟಕ್ಕೆ, ನಿದ್ದೆಗೆ, ನೀರಿನ ಪಕ್ಕ ಸುಮ್ನೆ ಕೂರುವುದಕ್ಕೆ. ಯಾವುದನ್ನು ಬೆಳಗ್ಗೆ ನೋಡಬೇಕು, ಯಾವುದನ್ನು ಸಂಜೆ ನೋಡಬೇಕು ಅನ್ನುವುದನ್ನು ಬಿಸಿಲು ನಿರ್ಧರಿಸುತ್ತದೆ. ಉಳಿದ ಯೋಜನೆಯೆಲ್ಲ ಅದರ ಹಿಂದೆ ಬರುತ್ತದೆ.

ಎಲ್ಲಿ ಉಳಿಯುವುದು

ನನ್ನ ಆಯ್ಕೆ ಬಾಡ್ ಇಶ್ಲ್. ಚಕ್ರವರ್ತಿ ಫ್ರಾನ್ಸ್ ಯೋಸೆಫ್ ಬೇಸಿಗೆ ಕಳೆಯುತ್ತಿದ್ದ ಊರು. 1914ರ ಜುಲೈ 28ರಂದು ಸರ್ಬಿಯಾ ಮೇಲಿನ ಯುದ್ಧ ಘೋಷಣೆಗೆ ಅವರು ಸಹಿ ಹಾಕಿದ್ದೂ ಇಲ್ಲೇ. ಆದರೆ ನಾನು ಈ ಊರನ್ನು ಆರಿಸುವುದು ಚರಿತ್ರೆಗಾಗಿ ಅಲ್ಲ, ರಸ್ತೆಗಳಿಗಾಗಿ. ಪಶ್ಚಿಮಕ್ಕೆ ಬಿ158 ರಸ್ತೆ ಹಿಡಿದರೆ ವೋಲ್ಫ್‌ಗಾಂಗ್‌ಸೇ (ಜರ್ಮನ್‌ನಲ್ಲಿ "ಸೇ" ಅಂದರೆ ಸರೋವರ). ಉತ್ತರಕ್ಕೆ ಬಿ145 ಹಿಡಿದರೆ ಟ್ರೌನ್‌ಸೇ. ಅದೇ ರಸ್ತೆಯಲ್ಲಿ ದಕ್ಷಿಣಕ್ಕೆ ಹೋದರೆ ಹಾಲ್‌ಸ್ಟಾಟ್, ಗೋಸಾವ್, ಆಲ್ಟ್‌ಆಸ್ಸೇ ಕಡೆಗೆ ತಿರುಗಬಹುದು. ಉತ್ತರದ ದಾರಿಯಲ್ಲಿ ಸ್ವಲ್ಪ ಮುಂದೆ ಎಡಕ್ಕೆ ಬಿ153 ಹಿಡಿದರೆ ಕಾಡಿನ ನಡುವೆ ಆಟರ್‌ಸೇ ತಲುಪುತ್ತೀರಿ. ಒಂದೇ ಕೋಣೆಯಲ್ಲಿ ಸಾಮಾನು ಬಿಚ್ಚಿಟ್ಟು ದಿನಾ ಬೇರೆ ದಿಕ್ಕಿಗೆ ಹೋಗಿ ಬರಬಹುದು. ಹಿರಿಯರು ಜೊತೆಗಿದ್ದರೆ ದಿನಾ ಸೂಟ್‌ಕೇಸ್ ಕಟ್ಟುವ ಕೆಲಸ ತಪ್ಪುವುದೇ ದೊಡ್ಡ ಲಾಭ.

ಬಾಡ್ ಗೋಯ್ಸರ್ನ್ ಕೂಡ ಒಳ್ಳೆಯದು, ಹಾಲ್‌ಸ್ಟಾಟ್‌ಗೆ ಇನ್ನೂ ಹತ್ತಿರ. ಹಾಲ್‌ಸ್ಟಾಟ್‌ನಲ್ಲೇ ಉಳಿಯಬೇಕು ಅನ್ನುವವರಿಗೆ ನನ್ನ ಮಾತು: ಬಾಡಿಗೆ ಜಾಸ್ತಿ, ಮೆಟ್ಟಿಲು ಜಾಸ್ತಿ, ಹಗಲಲ್ಲಿ ಊರೊಳಗೆ ಕಾರು ಬಿಡುವುದಿಲ್ಲ. ಅಡುಗೆಮನೆ ಇರುವ ಫ್ಲ್ಯಾಟ್ ತೆಗೆದುಕೊಳ್ಳಿ. ಇದರ ಬಗ್ಗೆ ಮುಂದೆ ಊಟದ ಮಾತಿನಲ್ಲಿ ಹೇಳುತ್ತೇನೆ.

ಬಿಸಿಲು ಯಾವ ಕಡೆಯಿಂದ?

ಜಾಗ ಆರಿಸಿಕೊಂಡ ಮೇಲೆ ಮ್ಯಾಪ್ ತೆಗೆದು ಎರಡು ವಿಷಯ ನೋಡಿ.

ಮೊದಲನೆಯದು, ಬೆಟ್ಟ ಸರೋವರದ ಯಾವ ದಿಕ್ಕಿಗಿದೆ ಅನ್ನುವುದು. ಹಾಲ್‌ಸ್ಟಾಟ್ ಊರು ಸರೋವರದ ಪಶ್ಚಿಮ ದಡದಲ್ಲಿದೆ. ಅದರ ಬೆನ್ನಿಗೇ ಕಡಿದಾದ ಬೆಟ್ಟ. ಬೆಳಗಿನ ಬಿಸಿಲು ಪೂರ್ವದಿಂದ ನೀರು ದಾಟಿ ನೇರವಾಗಿ ಮನೆಗಳ ಮೇಲೆ, ಚರ್ಚಿನ ಗೋಪುರದ ಮೇಲೆ ಬೀಳುತ್ತದೆ. ಮಧ್ಯಾಹ್ನ ಕಳೆದಂತೆ ಸೂರ್ಯ ಬೆಟ್ಟದ ಹಿಂದೆ ಸರಿಯುತ್ತಾನೆ, ಊರು ಬೇಗ ನೆರಳಿಗೆ ಹೋಗುತ್ತದೆ. ಅಂದಮೇಲೆ ಹಾಲ್‌ಸ್ಟಾಟ್ ಬೆಳಗಿನ ಜಾಗ.

ಗೋಸಾವ್‌ಸೇ ಇದಕ್ಕೆ ಸರಿಯಾಗಿ ವಿರುದ್ಧ. ಕಾರು ನಿಲ್ಲಿಸುವ ದಡದಲ್ಲಿ ನಿಂತರೆ ಡಾಖ್‌ಸ್ಟೈನ್ ಬೆಟ್ಟ ಮತ್ತು ಅದರ ಹಿಮನದಿ ಆಗ್ನೇಯಕ್ಕೆ ಕಾಣುತ್ತದೆ. ಬೆಳಗ್ಗೆ ಹೋದರೆ ಸೂರ್ಯ ಕಣ್ಣಿಗೆ ಹೊಡೆಯುತ್ತಾನೆ, ಬೆಟ್ಟ ಬರೀ ಕಪ್ಪಗೆ ಕಾಣುತ್ತದೆ. ಸಂಜೆ ಹೋದರೆ ಅದೇ ಹಿಮನದಿ ಹೊಂಬಣ್ಣಕ್ಕೆ ತಿರುಗಿ ನೀರಿನಲ್ಲಿ ತಲೆಕೆಳಗಾಗಿ ಕಾಣುತ್ತದೆ. ಟ್ರೌನ್‌ಸೇ ಕೂಡ ಸಂಜೆಯದೇ. 1,691 ಮೀಟರ್ ಎತ್ತರದ ಟ್ರೌನ್‌ಸ್ಟೈನ್ ಬಂಡೆ ಪೂರ್ವ ದಡದಲ್ಲಿ ಎದ್ದು ನಿಂತಿದೆ, ನಾವು ನೋಡುವುದು ಪಶ್ಚಿಮ ದಡದಿಂದ. ಆಲ್ಟ್‌ಆಸ್ಸೇಯ ಟ್ರಿಸೆಲ್‌ವಾಂಡ್ ಅನ್ನುವ ಬಂಡೆಗೋಡೆಗೂ ಸಂಜೆಯ ಬಿಸಿಲೇ ಚೆಂದ. ಸಾಂಕ್ಟ್ ವೋಲ್ಫ್‌ಗಾಂಗ್ ಊರು ಉತ್ತರ ದಡದಲ್ಲಿ ದಕ್ಷಿಣಕ್ಕೆ ಮುಖ ಮಾಡಿ ಕೂತಿದೆ. ಅಲ್ಲಿಗೆ ಯಾವಾಗ ಹೋದರೂ ಆದೀತು.

ಎರಡನೆಯದು, ಸರೋವರದ ಸುತ್ತ ರಸ್ತೆ ಪೂರ್ತಿ ಇದೆಯೇ ಅನ್ನುವುದು. ಹೊಸಬರು ಇದನ್ನು ನೋಡುವುದೇ ಇಲ್ಲ. ಆಟರ್‌ಸೇಗೆ ಸುತ್ತಲೂ ರಸ್ತೆ ಇದೆ, ಒಂದು ಸುತ್ತು ಹೊಡೆದು ಬರಬಹುದು. ಟ್ರೌನ್‌ಸೇಗೆ ಇಲ್ಲ, ಪೂರ್ವ ದಡದಲ್ಲಿ ಬಂಡೆ ನೇರವಾಗಿ ನೀರಿಗಿಳಿಯುತ್ತದೆ. ಹಾಲ್‌ಸ್ಟಾಟ್ ಸರೋವರದ ಪೂರ್ವ ದಡದಲ್ಲಿ ಇರುವುದು ರೈಲು ಹಳಿ ಮತ್ತು ಕಾಲುದಾರಿ ಮಾತ್ರ. ವೋಲ್ಫ್‌ಗಾಂಗ್‌ಸೇಯಲ್ಲಿ ಸಾಂಕ್ಟ್ ಗಿಲ್ಗೆನ್ ಮತ್ತು ಸಾಂಕ್ಟ್ ವೋಲ್ಫ್‌ಗಾಂಗ್ ಒಂದೇ ಸರೋವರದ ಊರುಗಳು. ಆದರೂ ಉತ್ತರ ದಡದಲ್ಲಿ ಫಾಲ್ಕೆನ್‌ಸ್ಟೈನ್ ಬಂಡೆ ಅಡ್ಡ ಇರುವುದರಿಂದ ಕಾರು ದಕ್ಷಿಣದಿಂದ ಸ್ಟ್ರೋಬ್ಲ್ ಸುತ್ತಿಕೊಂಡು ಹೋಗಬೇಕು. ಇಂಥ ಕಡೆ ಕಾರು ಒಂದು ಊರಿನಲ್ಲಿ ನಿಲ್ಲಿಸಿ ದೋಣಿ ಹತ್ತಿ. ರಸ್ತೆಯಿಂದ ಕಾಣದ ಬಂಡೆಗಳೆಲ್ಲ ನೀರಿನ ಮೇಲಿಂದ ಕಾಣುತ್ತವೆ, ಓಡಿಸುವವರಿಗೂ ಒಂದಿಷ್ಟು ಹೊತ್ತು ಕಣ್ತುಂಬ ನೋಡುವ ಅವಕಾಶ ಸಿಗುತ್ತದೆ. ಓಡಿಸುವವರು ಇಡೀ ದಿನ ಬಿಳಿ ಗೆರೆ ನೋಡುತ್ತಾ ಕೂತರೆ ಅದು ಅವರ ಪ್ರವಾಸವೇ ಅಲ್ಲ, ಅಲ್ವಾ?

ನಾನು ಹೋಗುವ ದಾರಿಗಳು

ಹಾಲ್‌ಸ್ಟಾಟ್ ದಿನ. ಸುಮಾರು 750 ಜನರ ಊರು. ಬೇಸಿಗೆಯ ಜನಜಂಗುಳಿಯ ದಿನ ಸಾವಿರಗಟ್ಟಲೆ ಜನ ಬಂದು ಹೋಗುತ್ತಾರೆ. 2023ರಲ್ಲಿ ಊರಿನವರು ಇದರ ವಿರುದ್ಧ ಬೀದಿಗೂ ಇಳಿದಿದ್ದರು. ಹಾಗಾಗಿ ಬಾಡ್ ಇಶ್ಲ್‌ನಿಂದ ಬೆಳಗ್ಗೆ ಏಳಕ್ಕೆ ಹೊರಡಿ. ಸುಮಾರು ಇಪ್ಪತ್ತು ಕಿಲೋಮೀಟರ್, ಅರ್ಧ ಗಂಟೆಯ ದಾರಿ. ಪಿ1, ಪಿ2 ಪಾರ್ಕಿಂಗ್‌ಗಳು ಊರಿಗೆ ಹತ್ತಿರ, ಪಿ4 ಸ್ವಲ್ಪ ದೂರ. ಬೇಸಿಗೆಯಲ್ಲಿ ಹತ್ತು ಗಂಟೆಯ ಹೊತ್ತಿಗೆ ಎಲ್ಲ ತುಂಬುತ್ತವೆ. ರಸ್ತೆ ಪಕ್ಕದ ಫಲಕದಲ್ಲಿ ಜಾಗ ಖಾಲಿ ಇದೆಯೇ ಇಲ್ಲವೇ ತೋರಿಸುತ್ತಾರೆ. ತುಂಬಿದ್ದರೆ ಅಲ್ಲಿ ಸುತ್ತಬೇಡಿ, ಒಬರ್‌ಟ್ರೌನ್‌ಗೆ ಹೋಗಿ ಅಲ್ಲಿಂದ ಬಸ್ಸು ಹಿಡಿಯಿರಿ. ಇನ್ನೂ ಚೆಂದದ ದಾರಿಯೊಂದಿದೆ. ಕಾರನ್ನು ಉಳಿದುಕೊಂಡ ಕಡೆಯೇ ಬಿಟ್ಟು ರೈಲಿನಲ್ಲಿ ಹೋಗಿ. ಹಾಲ್‌ಸ್ಟಾಟ್ ಸ್ಟೇಷನ್ ಆಚೆ ದಡದಲ್ಲಿದೆ, ರೈಲಿಗೆ ಹೊಂದಿಸಿ ದೋಣಿ ಬಿಡುತ್ತಾರೆ. ಊರು ನೀರಿನ ಕಡೆಯಿಂದ ನಿಧಾನಕ್ಕೆ ಹತ್ತಿರವಾಗುತ್ತದೆ. ಮಕ್ಕಳಿಗಂತೂ ಇದೇ ಹೆಚ್ಚು ಇಷ್ಟ.

ಊರಿನ ಉತ್ತರ ತುದಿಗೆ ನಡೆದರೆ ಎಲ್ಲ ಕ್ಯಾಲೆಂಡರ್‌ಗಳಲ್ಲಿ ಬರುವ ಆ ನೋಟ ಸಿಗುತ್ತದೆ. ಅಲ್ಲಿ ಜನರ ಮನೆಗಳಿವೆ, ಮೆಲ್ಲಗೆ ಮಾತಾಡಿ. ಮೇಲಿನ ಚರ್ಚಿನ ಪಕ್ಕದಲ್ಲಿ ಅಸ್ಥಿಗಳನ್ನು ಇಟ್ಟಿರುವ ಪುಟ್ಟ ಕೋಣೆ ಇದೆ. ಸ್ಮಶಾನಕ್ಕೆ ಜಾಗ ಕಡಿಮೆ, ಹಾಗಾಗಿ ಹಳೆಯ ಗೋರಿಗಳನ್ನು ತೆರೆದು ತಲೆಬುರುಡೆಗಳನ್ನು ತೊಳೆದು ಒಣಗಿಸಿ, ಹೂಬಳ್ಳಿ ಬಿಡಿಸಿ, ಹೆಸರು ಬರೆದು ಇಡುತ್ತಿದ್ದರು. ನಮ್ಮ ಅತ್ತೆ ಒಳಗೆ ಬರಲು ಒಪ್ಪಲಿಲ್ಲ, ಮಾವ ಮಾತ್ರ ತುಂಬ ಹೊತ್ತು ನಿಂತು ನೋಡಿದರು. ಜೊತೆಯಲ್ಲಿ ಬಂದವರನ್ನು ಮೊದಲೇ ಕೇಳಿಕೊಳ್ಳಿ.

ಒಂಬತ್ತೂವರೆ, ಹತ್ತಕ್ಕೆ ದೊಡ್ಡ ಬಸ್ಸುಗಳು ಬರುವಾಗ ನೀವು ಹೊರಡಿ. ಕೋಣೆಗೆ ಹೋಗಿ ಅನ್ನ ಸಾರು ಮಾಡಿ, ಉಂಡು, ಹಿರಿಯರು ಮಲಗಲಿ. ನಾಲ್ಕರ ಮೇಲೆ ಗೋಸಾವ್‌ಸೇಗೆ ಹೊರಡಿ. ಗೋಸಾವ್ ಊರು ದಾಟಿ ಮುಂದೆ ಹೋದರೆ ರಸ್ತೆ ಸರೋವರದ ಹತ್ತಿರವೇ ಮುಗಿಯುತ್ತದೆ, ಪಾರ್ಕಿಂಗ್‌ನಿಂದ ನೀರಿಗೆ ನಾಲ್ಕು ಹೆಜ್ಜೆ. ಆ ಹೊತ್ತಿಗೆ ಬೆಳಗಿನ ಜನ ಹೊರಟುಹೋಗಿರುತ್ತಾರೆ. ಸುತ್ತ ಸಮತಟ್ಟಾದ ದಾರಿಯಿದೆ, ನಿಧಾನಕ್ಕೆ ಒಂದು ಗಂಟೆಯ ಮೇಲೆ ಬೇಕು. ಮಂಡಿ ನೋವಿದ್ದವರು ಮೊದಲ ಬೆಂಚಿನಲ್ಲೇ ಕೂತರೂ ಪೂರ್ತಿ ನೋಟ ಅಲ್ಲೇ ಸಿಗುತ್ತದೆ. ಇದು ವಿದ್ಯುತ್ತಿಗೂ ಬಳಸುವ ಸರೋವರ, ಚಳಿಗಾಲದಲ್ಲಿ ನೀರು ತುಂಬ ಕೆಳಗಿಳಿದು ದಡ ಬೋಳಾಗುತ್ತದೆ. ಬೇಸಿಗೆಯಿಂದ ಅಕ್ಟೋಬರ್‌ವರೆಗೆ ಹೋಗಿ. ಅಕ್ಟೋಬರ್ ನಡುವಿನಲ್ಲಿ ಲಾರ್ಚ್ ಮರಗಳು ಹಳದಿಯಾಗುತ್ತವೆ. ನನ್ನನ್ನು ಕೇಳಿದರೆ ವರ್ಷದಲ್ಲಿ ಅದೇ ಅತಿ ಒಳ್ಳೆಯ ವಾರ.

ಎತ್ತರಕ್ಕೆ ಹತ್ತುವ ದಿನ. ಒಬರ್‌ಟ್ರೌನ್‌ನಿಂದ ಕೇಬಲ್ ಕಾರ್‌ನಲ್ಲಿ ಕ್ರಿಪ್ಪೆನ್‌ಸ್ಟೈನ್‌ಗೆ, ಸುಮಾರು 2,100 ಮೀಟರ್. ಮಧ್ಯದ ನಿಲ್ದಾಣದಲ್ಲಿ ಇಳಿದರೆ ಡಾಖ್‌ಸ್ಟೈನ್‌ನ ಹಿಮಗುಹೆ ಇದೆ, ಆದರೆ ಗುಹೆಯ ಬಾಯಿಗೆ ಏರುದಾರಿ ಹತ್ತಬೇಕು. ಮೇಲಿನ ನಿಲ್ದಾಣದಿಂದ ಇಪ್ಪತ್ತು, ಮೂವತ್ತು ನಿಮಿಷ ನಡೆದರೆ "ಫೈವ್ ಫಿಂಗರ್ಸ್" ವೇದಿಕೆ. ಬಂಡೆಯ ತುದಿಯಿಂದ ಐದು ಬೆರಳುಗಳಂತೆ ಗಾಳಿಗೆ ಚಾಚಿದೆ, ಕೆಳಗೆ ಪೂರ್ತಿ ಹಾಲ್‌ಸ್ಟಾಟ್ ಸರೋವರ. ಇದನ್ನು ಮಧ್ಯಾಹ್ನದ ಮೊದಲೇ ಮುಗಿಸಿ. ಜುಲೈ, ಆಗಸ್ಟ್‌ನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಸಾಮಾನ್ಯ, ಸಿಡಿಲು ಬಂದರೆ ಕೇಬಲ್ ಕಾರ್ ನಿಲ್ಲಿಸುತ್ತಾರೆ. ಮೇಲೆ ಕೆಳಗಿಗಿಂತ ಹತ್ತು ಡಿಗ್ರಿ ಕಡಿಮೆ ಇರುತ್ತದೆ. ಊರಿನಿಂದ ಬಂದವರಿಗೆ ಜುಲೈನಲ್ಲೂ ಸ್ವೆಟರ್, ಶಾಲು, ಕಿವಿ ಮುಚ್ಚುವ ಟೋಪಿ ಬೇಕು. ಸೀರೆ ಉಡುವವರು ಒಳಗೆ ಲೆಗ್ಗಿಂಗ್ಸ್, ಕಾಲಿಗೆ ಸಾಕ್ಸ್ ಮತ್ತು ಹಿಡಿತವಿರುವ ಶೂ ಹಾಕಿಕೊಳ್ಳಲಿ. ಚಪ್ಪಲಿ ಬೇಡವೇ ಬೇಡ.

ಇಳಿದು ಬಂದು ಕೊಪ್ಪೆನ್‌ಪಾಸ್ ದಾಟಿ ಬಾಡ್ ಆಸ್ಸೇಗೆ ಹೋಗಿ. ಚಿಕ್ಕ ರಸ್ತೆ, ತುಂಬ ಕಡಿದಾದ ಏರು. ಹತ್ತುವಾಗ ಗೇರ್ ಇಳಿಸಿ ನಿಧಾನಕ್ಕೆ ಹೋದರೆ ಸಾಕು. ಇಳಿಯುವಾಗಲೂ ಸೆಕೆಂಡ್ ಗೇರ್‌ನಲ್ಲಿ ಇಂಜಿನ್‌ನಿಂದಲೇ ವೇಗ ತಡೆಯಿರಿ, ಬ್ರೇಕ್ ಒತ್ತಿಕೊಂಡೇ ಇದ್ದರೆ ಬಿಸಿಯಾಗಿ ಹಿಡಿತ ಹೋಗುತ್ತದೆ. ಆಗುಂಬೆ ಘಾಟಿ ಇಳಿಸಿದವರಿಗೆ ಇದು ಹೊಸದಲ್ಲ. ಸಂಜೆ ಆಲ್ಟ್‌ಆಸ್ಸೇ. ಸರೋವರದ ಸುತ್ತ ಸುಮಾರು ಏಳು ಕಿಲೋಮೀಟರ್ ನಡೆಯುವ ದಾರಿ, ಹೆಚ್ಚೂಕಡಿಮೆ ಸಮತಟ್ಟು. ಪೂರ್ತಿ ನಡೆಯಲಾಗದವರು ಸೌರಶಕ್ತಿಯ ದೋಣಿ ಹತ್ತಬಹುದು. ವಾಪಸ್ಸು ಪೋಟ್‌ಶೆನ್‌ಪಾಸ್ ಮೇಲಿಂದ ಬಾಡ್ ಗೋಯ್ಸರ್ನ್, ಅಲ್ಲಿಂದ ಬಾಡ್ ಇಶ್ಲ್. ಹೋದ ದಾರಿಯಲ್ಲೇ ತಿರುಗಿ ಬರುವ ಬೇಸರವಿಲ್ಲ.

ಈ ಆಸ್ಸೇ ಕಡೆಗೆ ಇನ್ನೊಂದು ದಿನ ಇಟ್ಟುಕೊಂಡರೆ ಗ್ರುಂಡ್ಲ್‌ಸೇಯ ಮೂರು ಸರೋವರಗಳ ಪ್ರವಾಸ ಮಾಡಿ. ಮೊದಲು ಗ್ರುಂಡ್ಲ್‌ಸೇ ಮೇಲೆ ದೊಡ್ಡ ದೋಣಿ. ಆಮೇಲೆ ಸ್ವಲ್ಪ ನಡೆದು ಟೋಪ್ಲಿಟ್ಸ್‌ಸೇ, ಅಲ್ಲಿ ಮರದ ಚಪ್ಪಟೆ ದೋಣಿ. ಅದರಾಚೆ ಪುಟ್ಟ ಕಾಮರ್‌ಸೇ. ಟೋಪ್ಲಿಟ್ಸ್‌ಸೇಗೆ ಸುತ್ತಲೂ ಕಡಿದಾದ ಕಾಡು, ನೀರು ಕಪ್ಪಗೆ ಕಾಣುತ್ತದೆ. ಎರಡನೇ ಮಹಾಯುದ್ಧದ ಕೊನೆಯಲ್ಲಿ ನಾಝಿಗಳು ಖೋಟಾ ಬ್ರಿಟಿಷ್ ಪೌಂಡ್ ನೋಟುಗಳನ್ನು ಇದರಲ್ಲಿ ಮುಳುಗಿಸಿದ್ದರು. 1959ರಲ್ಲಿ ಪೆಟ್ಟಿಗೆಗಳನ್ನು ಮೇಲೆತ್ತಿದರು. ದೋಣಿಯವರು ಈ ಕತೆ ಜರ್ಮನ್‌ನಲ್ಲಿ ಹೇಳುತ್ತಾರೆ, ನೀವು ಮೊದಲೇ ತಿಳಿದುಕೊಂಡು ನಿಮ್ಮವರಿಗೆ ಕನ್ನಡದಲ್ಲಿ ಹೇಳಿ.

ವೋಲ್ಫ್‌ಗಾಂಗ್‌ಸೇ ದಿನಕ್ಕೆ ಶಾಫ್‌ಬರ್ಗ್ ರೈಲಿನ ಟಿಕೆಟ್ ಮುಂಚೆಯೇ ಬುಕ್ ಮಾಡಿ. 1893ರಿಂದ ಓಡುತ್ತಿರುವ ಹಲ್ಲುಗಾಲಿ ರೈಲು. ಸುಮಾರು 35 ನಿಮಿಷದಲ್ಲಿ 1,783 ಮೀಟರ್ ಎತ್ತರದ ಬೆಟ್ಟದ ತುದಿಯ ಹತ್ತಿರ ಬಿಡುತ್ತದೆ. ಬೆಳಗಿನ ಮೊದಲ ರೈಲುಗಳಲ್ಲಿ ಜಾಗ ಹಿಡಿಯಿರಿ. ಮೇಲಿನಿಂದ ಮೋಂಡ್‌ಸೇ, ಆಟರ್‌ಸೇ, ವೋಲ್ಫ್‌ಗಾಂಗ್‌ಸೇ ಎಲ್ಲ ಒಟ್ಟಿಗೆ ಕಾಣುತ್ತವೆ. ಹಾಗಾಗಿ ಇದನ್ನು ಪ್ರವಾಸದ ಮೊದಲ ದಿನ ಇಟ್ಟರೆ ಸೀಮೆಯ ಒಟ್ಟು ಆಕಾರ ತಲೆಯಲ್ಲಿ ಕೂರುತ್ತದೆ. ಮುಂದಿನ ದಿನಗಳಲ್ಲಿ ಮಕ್ಕಳು ಮ್ಯಾಪ್ ಕೇಳುವುದೇ ಇಲ್ಲ. ಸಂಜೆ ಸಾಂಕ್ಟ್ ಗಿಲ್ಗೆನ್‌ಗೆ ದೋಣಿಯಲ್ಲಿ ಹೋಗಿ ಬನ್ನಿ. ಮೊಝಾರ್ಟ್‌ನ ತಾಯಿ 1720ರಲ್ಲಿ ಹುಟ್ಟಿದ ಊರು. ದೋಣಿಗಳಲ್ಲಿ 1873ರ ಹಳೆಯ ಚಕ್ರದ ಹಡಗೂ ಒಂದಿದೆ. ಕೊನೆಯ ದೋಣಿಯ ಹೊತ್ತನ್ನು ದಡದ ಫಲಕದಿಂದ ಫೋಟೋ ತೆಗೆದಿಟ್ಟುಕೊಳ್ಳಿ.

ಆಟರ್‌ಸೇ, ಟ್ರೌನ್‌ಸೇ ಎರಡನ್ನೂ ಸೇರಿಸಿದರೆ ಸುಮಾರು ನೂರು ಕಿಲೋಮೀಟರ್‌ನ ಒಂದು ಸುತ್ತು. ಬೆಳಗ್ಗೆ ಆಟರ್‌ಸೇ ದಕ್ಷಿಣ ದಡ, ಉನ್ಟರಾಖ್. ನೀರು ನೀಲಿಹಸಿರು. ಗುಸ್ಟಾವ್ ಕ್ಲಿಮ್ಟ್ ಬೇಸಿಗೆಗಳನ್ನು ಈ ದಡಗಳಲ್ಲಿ ಕಳೆದು ಚಿತ್ರ ಬರೆದರು. ಇಲ್ಲಿ ದಡದ ಬಹುಭಾಗ ಖಾಸಗಿ ಜಾಗ, ಸಿಕ್ಕಲ್ಲಿ ಇಳಿದು ಕಾಲು ಇಳಿಬಿಡುವ ಹಾಗಿಲ್ಲ. ಊರಿನ "ಸ್ಟ್ರಾಂಡ್‌ಬಾಡ್" ಎಂಬ ಈಜುವ ಜಾಗ ಹುಡುಕಿ. ಹುಲ್ಲು, ಶೌಚಾಲಯ, ಬಟ್ಟೆ ಬದಲಿಸುವ ಕೋಣೆ ಇರುತ್ತದೆ. ಪಶ್ಚಿಮ ದಡ ಹಿಡಿದು ಉತ್ತರಕ್ಕೆ ಹೋಗಿ ಗ್ಮುಂಡೆನ್‌ಗೆ ತಿರುಗಿ. ಅಲ್ಲಿ ನೀರಿನ ಮಧ್ಯೆ ಶ್ಲೋಸ್ ಓರ್ಟ್ ಎಂಬ ಪುಟ್ಟ ಕೋಟೆ, ಮರದ ಸೇತುವೆ ಮೇಲೆ ನಡೆದು ಹೋಗಬಹುದು. ಸಂಜೆ ಟ್ರೌನ್‌ಕಿರ್ಖೆನ್‌ನಲ್ಲಿ ಕಾರು ನಿಲ್ಲಿಸಿ ಎದುರಿನ ಬಂಡೆ ಬಣ್ಣ ಬದಲಿಸುವುದನ್ನು ನೋಡಿ. ಟ್ರೌನ್‌ಸೇ 191 ಮೀಟರ್ ಆಳ, ಆಸ್ಟ್ರಿಯಾದಲ್ಲೇ ಅತಿ ಆಳದ್ದು. ನೀರು ತಣ್ಣಗಿರುತ್ತದೆ, ಮಕ್ಕಳು ಬೇಗ ಹೊರಗೆ ಬರುತ್ತಾರೆ.

ಡ್ರೈವಿಂಗ್ ಇಷ್ಟಪಡುವವರಿಗೆ ಪೋಸ್ಟಾಲ್ಮ್ ದಾರಿ. ಸ್ಟ್ರೋಬ್ಲ್‌ನಿಂದ ಸುಂಕ ಕಟ್ಟಿ ಹತ್ತಿ, ಎತ್ತರದ ಹುಲ್ಲುಗಾವಲು ದಾಟಿ, ಆಬ್ಟೆನಾವ್‌ಗೆ ಇಳಿದು, ಪಾಸ್ ಗ್ಶುಟ್ ಮೇಲಿಂದ ಗೋಸಾವ್‌ಗೆ ಬರಬಹುದು. ರಸ್ತೆ ಮೇಲೆ ಹಸುಗಳಿರುತ್ತವೆ. ಹಾರ್ನ್ ಬೇಡ, ನಿಂತು ಕಾಯಿರಿ. ಮುಟ್ಟಲು ಹೋಗಬೇಡಿ, ಕರು ಜೊತೆಗಿದ್ದ ಹಸು ಎಲ್ಲ ಕಡೆಯೂ ಒಂದೇ. ಹುಲ್ಲಿನ ಮೇಲೆ ಕಾರು ಹತ್ತಿಸಬೇಡಿ. ನಮಗೆ ಅದು ಬರೀ ಹಸಿರು, ಆ ರೈತರಿಗೆ ಅದು ಚಳಿಗಾಲದ ಮೇವು.

ಮಳೆ ಬಂದರೆ

ಬರುತ್ತದೆ. ಮೋಡ ಬೆಟ್ಟಕ್ಕೆ ತಾಗಿ ನಿಂತು ದಿನಗಟ್ಟಲೆ ಸುರಿಯುವ ಸೀಮೆ ಇದು. ಹಿಂದಿನ ರಾತ್ರಿ ಜಿಯೋಸ್ಫಿಯರ್ ಆಸ್ಟ್ರಿಯಾದ ಹವಾಮಾನ ನೋಡಿ, ಬೆಳಗ್ಗೆ ಎದ್ದ ತಕ್ಷಣ ಬೆಟ್ಟದ ವೆಬ್‌ಕ್ಯಾಮ್ ನೋಡಿ. ಕ್ರಿಪ್ಪೆನ್‌ಸ್ಟೈನ್, ಶಾಫ್‌ಬರ್ಗ್ ಎಲ್ಲಕ್ಕೂ ವೆಬ್‌ಕ್ಯಾಮ್ ಇದೆ. ಕೆಳಗೆ ಮಂಜು ಕವಿದಿದ್ದರೂ ಮೇಲೆ ಬಿಸಿಲಿರಬಹುದು, ಶರತ್ಕಾಲದ ಬೆಳಗಿನಲ್ಲಿ ಹೀಗಾಗುವುದು ಜಾಸ್ತಿ. ಮೇಲೂ ಬಿಳಿ ಮಾತ್ರ ಕಂಡರೆ ಟಿಕೆಟ್ ದುಡ್ಡು ಉಳಿಸಿ. ಹಾಗಾಗಿ ದಿನಗಳ ಕ್ರಮವನ್ನು ಗಟ್ಟಿ ಮಾಡಬೇಡಿ. ಮೊದಲೇ ಬುಕ್ ಮಾಡಬೇಕಾದ್ದು ಶಾಫ್‌ಬರ್ಗ್ ಒಂದೇ, ಉಳಿದವನ್ನು ಆಕಾಶ ನೋಡಿ ಅದಲು ಬದಲು ಮಾಡಿಕೊಳ್ಳಿ.

ಮಳೆಯ ದಿನಕ್ಕೆ ಉಪ್ಪಿನ ಗಣಿಯಂಥ ಜಾಗ ಬೇರೆ ಇಲ್ಲ. ಒಳಗೆ ವರ್ಷಪೂರ್ತಿ ಸುಮಾರು ಎಂಟು ಡಿಗ್ರಿ. ಹಾಲ್‌ಸ್ಟಾಟ್‌ನಲ್ಲಿ ಏಳು ಸಾವಿರ ವರ್ಷಗಳಿಂದ ಉಪ್ಪು ತೆಗೆದಿದ್ದಾರೆ. ಗಣಿಕಾರ್ಮಿಕರು ಜಾರುತ್ತಿದ್ದ ಮರದ ಜಾರುಬಂಡೆಯಲ್ಲಿ ನಾವೂ ಜಾರಬಹುದು, ಆಗದವರಿಗೆ ಪಕ್ಕದಲ್ಲಿ ಮೆಟ್ಟಿಲಿದೆ. ನನಗೆ ಇನ್ನೂ ಇಷ್ಟವಾದದ್ದು ಆಲ್ಟ್‌ಆಸ್ಸೇಯ ಗಣಿ. ಯುದ್ಧದ ಕೊನೆಯ ವರ್ಷಗಳಲ್ಲಿ ನಾಝಿಗಳು ಯುರೋಪಿನಾದ್ಯಂತ ದೋಚಿದ ಕಲಾಕೃತಿಗಳನ್ನು ಇಲ್ಲಿ ತುಂಬಿಟ್ಟಿದ್ದರು. ಗೆಂಟ್ ನಗರದ ಬಲಿಪೀಠದ ಚಿತ್ರಗಳು, ಮೈಕೆಲಾಂಜೆಲೋ ಕೆತ್ತಿದ ಬ್ರೂಜ್‌ನ ಮಡೋನಾ, ವರ್ಮೀರ್‌ನ ಚಿತ್ರ ಎಲ್ಲವೂ ಇದೇ ಬೆಟ್ಟದೊಳಗಿದ್ದವು. 1945ರ ವಸಂತದಲ್ಲಿ ಗಣಿಯೊಳಗೆ ಬಾಂಬಿನ ಪೆಟ್ಟಿಗೆಗಳನ್ನು ತಂದಿಟ್ಟಿದ್ದರು. ಪೆಟ್ಟಿಗೆಯ ಮೇಲೆ ಅಮೃತಶಿಲೆ ಎಂದು ಬರೆದಿತ್ತು. ಮೇ ತಿಂಗಳಲ್ಲಿ ಗಣಿಯವರೇ ಆ ಪೆಟ್ಟಿಗೆಗಳನ್ನು ಹೊರಗೆ ಸಾಗಿಸಿ ಎಲ್ಲವನ್ನೂ ಉಳಿಸಿದರು. ಗಣಿಯೇ ಇಲ್ಲವಾದರೆ ತಮ್ಮ ಅನ್ನವೂ ಹೋಗುತ್ತದೆ ಅನ್ನುವುದು ಅವರಿಗೆ ಗೊತ್ತಿತ್ತು. ಇದನ್ನು ಆ ತಣ್ಣನೆಯ ಸುರಂಗದಲ್ಲಿ ನಿಂತು ಕೇಳಬೇಕು.

ಸರೋವರದ ಮೇಲಿದ್ದಾಗ ದಡದಲ್ಲಿ ಕಿತ್ತಳೆ ಬಣ್ಣದ ದೀಪ ಮಿನುಗಿದರೆ ಅದು ಬಿರುಗಾಳಿಯ ಎಚ್ಚರಿಕೆ. ಬಾಡಿಗೆ ದೋಣಿಯಲ್ಲಿದ್ದರೆ ತಕ್ಷಣ ದಡಕ್ಕೆ ಬನ್ನಿ.

ಏಪ್ರಿಲ್ ಮತ್ತು ನವೆಂಬರ್‌ನಲ್ಲಿ ಹೋಗುವ ಯೋಚನೆ ಬಿಡಿ. ಹೆಚ್ಚಿನ ಕೇಬಲ್ ಕಾರ್‌ಗಳು ದುರಸ್ತಿಗೆಂದು ಮುಚ್ಚಿರುತ್ತವೆ, ಹೆಚ್ಚಿನ ದೋಣಿಗಳೂ ಇರುವುದಿಲ್ಲ. ಮೇ ಕೊನೆಯಲ್ಲಿ ಆಸ್ಸೇ ಕಡೆಯ ಬಯಲುಗಳಲ್ಲಿ ಬಿಳಿ ನಾರ್ಸಿಸಸ್ ಹೂವು, ಜೂನ್‌ನಲ್ಲಿ ರಾತ್ರಿ ಒಂಬತ್ತರವರೆಗೆ ಬೆಳಕು. ಸೆಪ್ಟೆಂಬರ್‌ನಲ್ಲಿ ಜನ ಕಡಿಮೆ, ಗಾಳಿ ತಿಳಿ.

ಊಟ

ನಮ್ಮ ಹಿರಿಯರಿಗೆ ಇದು ಅರ್ಧ ಪ್ರವಾಸ. ಬೆಳಗ್ಗೆ ಪುಳಿಯೋಗರೆಯೋ ಚಿತ್ರಾನ್ನವೋ ಕಲಸಿ ಡಬ್ಬಿಗೆ ಹಾಕಿ, ಮೊಸರನ್ನ ಇನ್ನೊಂದು ಡಬ್ಬಿಗೆ, ಫ್ಲಾಸ್ಕಿನಲ್ಲಿ ಕಾಫಿ. ಸರೋವರದ ಪಕ್ಕ ಬೆಂಚುಗಳಿಗೆ ಬರವಿಲ್ಲ. ನಲ್ಲಿ ನೀರು ಕುಡಿಯಬಹುದು, ಬಾಟಲಿ ಕೊಳ್ಳಬೇಕಿಲ್ಲ. ಭಾನುವಾರ ಸೂಪರ್ ಮಾರ್ಕೆಟ್ ಮುಚ್ಚಿರುತ್ತದೆ, ಶನಿವಾರ ಸಂಜೆ ಆರಕ್ಕೆಲ್ಲ ಬಾಗಿಲು ಹಾಕುತ್ತಾರೆ. ಹಾಲು, ಮೊಸರು, ತರಕಾರಿ ಅಷ್ಟರೊಳಗೆ ತಂದಿಟ್ಟುಕೊಳ್ಳಿ.

ಹೊರಗೆ ತಿನ್ನುವಾಗ ಒಂದು ಎಚ್ಚರ. ಕಾಸ್‌ಪ್ರೆಸ್‌ಕ್ನೋಡೆಲ್ ಎಂಬ ಚೀಸ್ ಉಂಡೆ ಸೂಪ್ ಸಸ್ಯಾಹಾರದ ಹಾಗೆ ಕಾಣುತ್ತದೆ, ಆದರೆ ಅದರ ಸಾರು ಸಾಮಾನ್ಯವಾಗಿ ದನದ ಮಾಂಸದ್ದು. ಉಂಡೆಯನ್ನು ಸಲಾಡ್ ಜೊತೆಗೂ ಕೊಡುತ್ತಾರೆ, ಹಾಗೆ ಕೇಳಿ. ಕೈಸರ್‌ಶ್ಮಾರ್ನ್, ಅಂದರೆ ಹರಿದು ಹಾಕಿದ ದಪ್ಪ ದೋಸೆಯಂಥ ಸಿಹಿ, ಎಲ್ಲರಿಗೂ ಹಿಡಿಸುತ್ತದೆ, ಆದರೆ ಮೊಟ್ಟೆ ಇರುತ್ತದೆ. ಚೀಸ್ ಹಾಕಿದ ಸ್ಪೆಟ್ಸ್‌ಲೆ ಎಂಬ ನೂಡಲ್ಸ್‌ನಲ್ಲೂ ಮೊಟ್ಟೆ ಇದೆ. "ಓನೆ ಫ್ಲೈಶ್" ಅಂದರೆ ಮಾಂಸ ಬೇಡ, "ಓನೆ ಆಯ್" ಅಂದರೆ ಮೊಟ್ಟೆ ಬೇಡ. ಇಷ್ಟು ಬಾಯಿಪಾಠ ಮಾಡಿ. ಹಳ್ಳಿಯ ಹೋಟೆಲ್‌ಗಳಲ್ಲಿ ಮಧ್ಯಾಹ್ನ ಎರಡರ ಮೇಲೆ ಅಡುಗೆಮನೆ ಮುಚ್ಚುವುದುಂಟು, ವಾರಕ್ಕೊಂದು ರಜೆಯೂ ಇರುತ್ತದೆ. ಬಾಗಿಲ ಮೇಲೆ "ರೂಹೆಟಾಗ್" ಎಂದಿದ್ದರೆ ಇವತ್ತು ಮುಚ್ಚಿದೆ. ಬೆಟ್ಟದ ಮೇಲಿನ ಚಿಕ್ಕ ಜಾಗಗಳಿಗೆ ನಗದು ಇಟ್ಟುಕೊಳ್ಳಿ, ಶೌಚಾಲಯಕ್ಕೆ ಚಿಲ್ಲರೆಯೂ ಬೇಕು. ಬಾಡ್ ಇಶ್ಲ್‌ನಲ್ಲಿ 1832ರ ಜೌನರ್ ಬೇಕರಿಗೆ ಒಂದು ಮಧ್ಯಾಹ್ನ ಕೊಡಿ. ಕೇಕು ಆರಿಸುವುದಕ್ಕೇ ಒಳ್ಳೆಯ ಹೊತ್ತು ಹಿಡಿಯುತ್ತದೆ.

ಕಾರು, ಕಾಗದ, ರಸ್ತೆ

ಭಾರತದ ಲೈಸೆನ್ಸ್ ಇಟ್ಟುಕೊಂಡು ಬಂದು ಓಡಿಸುವವರು ಹೊರಡುವ ಮೊದಲೇ ಊರಿನ ಆರ್‌ಟಿಒದಿಂದ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿ. ಮೂಲ ಲೈಸೆನ್ಸೂ ಜೊತೆಗಿರಬೇಕು. ಬಾಡಿಗೆ ಕಾರಿಗೆ ಓಡಿಸುವವರ ಹೆಸರಿನ ಕ್ರೆಡಿಟ್ ಕಾರ್ಡ್ ಕೇಳುತ್ತಾರೆ. ಆಟೊಮ್ಯಾಟಿಕ್ ಬೇಕಿದ್ದರೆ ಬುಕ್ ಮಾಡುವಾಗಲೇ ಆರಿಸಿ. ಎಡಗಡೆ ಸ್ಟಿಯರಿಂಗ್, ಬಲಗಡೆ ಓಡಾಟ, ಅದರ ಮೇಲೆ ಎಡಗೈಯಲ್ಲಿ ಅಲ್ಲದೆ ಬಲಗೈಯಲ್ಲಿ ಗೇರ್ ಅಂದರೆ ಬೆಟ್ಟದ ರಸ್ತೆಯಲ್ಲಿ ತಲೆ ಬಿಸಿ. ಜರ್ಮನಿಯಲ್ಲಿ ಪಡೆದ ಕಾರನ್ನು ಆಸ್ಟ್ರಿಯಾಕ್ಕೆ ಒಯ್ಯುವುದಾಗಿ ಮೊದಲೇ ತಿಳಿಸಿ. 14 ವರ್ಷದೊಳಗಿನ, 135 ಸೆಂಟಿಮೀಟರ್‌ಗಿಂತ ಕುಳ್ಳಗಿರುವ ಮಕ್ಕಳಿಗೆ ಅವರವರ ಸೀಟು ಕಡ್ಡಾಯ. ಮಡಿಲಲ್ಲಿ ಕೂರಿಸಿಕೊಳ್ಳುವ ಮಾತೇ ಇಲ್ಲ, ಅಜ್ಜಿಯರಿಗೆ ಇದನ್ನು ಪ್ರೀತಿಯಿಂದ ಹೇಳಿ ಒಪ್ಪಿಸಿ.

ಆಸ್ಟ್ರಿಯಾದ ಹೆದ್ದಾರಿಗೆ ವಿನ್ಯೆಟ್, ಅಂದರೆ ಹೆದ್ದಾರಿ ಸುಂಕದ ಪಾಸು, ಬೇಕು. ಜರ್ಮನಿ ಕಡೆಯಿಂದ ಬಂದರೆ ಗಡಿಯಿಂದ ಸಾಲ್ಸ್‌ಬರ್ಗ್ ನೋರ್ಡ್ ಎಂಬ ಹೆದ್ದಾರಿ ತಿರುವಿನವರೆಗೆ ವಿನಾಯಿತಿ ಇದೆ, ಅದರ ಮುಂದೆ ಇಲ್ಲ. ಒಂದು ದಿನದ್ದು, ಹತ್ತು ದಿನದ್ದು ಸಿಗುತ್ತದೆ. ಆನ್‌ಲೈನ್‌ನಲ್ಲಿ ಕಾರಿನ ನಂಬರಿಗೆ ಕೊಳ್ಳಿ, ನಂಬರು ಎರಡು ಸಲ ಓದಿ ನೋಡಿ. ಊರೊಳಗೆ 50, ಹೊರಗೆ 100, ಹೆದ್ದಾರಿಯಲ್ಲಿ 130 ವೇಗದ ಮಿತಿ. ಫಲಕವಿಲ್ಲದ ಕೂಡುದಾರಿಯಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲು ದಾರಿ. ಹೆದ್ದಾರಿ ಜಾಮ್ ಆದ ಕೂಡಲೇ ಎಡ ಸಾಲಿನವರು ಎಡಕ್ಕೆ, ಉಳಿದವರು ಬಲಕ್ಕೆ ಸರಿದು ಮಧ್ಯೆ ಆಂಬುಲೆನ್ಸ್‌ಗೆ ದಾರಿ ಬಿಡಬೇಕು. ಇಂತಿಷ್ಟೇ ಹೊತ್ತು ನಿಲ್ಲಿಸಬಹುದಾದ ನೀಲಿ ವಲಯದ ಪಾರ್ಕಿಂಗ್‌ನಲ್ಲಿ ಬಂದ ಹೊತ್ತು ತೋರಿಸುವ ರಟ್ಟಿನ ಗಡಿಯಾರ ಗಾಜಿನ ಹಿಂದೆ ಇಡಿ. ತುರ್ತಿಗೆ 112, ಬೆಟ್ಟದಲ್ಲಿ ಅಪಾಯವಾದರೆ 140.

ಪಾಸ್‌ಪೋರ್ಟ್‌ಗಳನ್ನು ಕೋಣೆಯಲ್ಲಿ ಬಿಟ್ಟು ಹೊರಡಬೇಡಿ. ಮ್ಯೂನಿಕ್‌ಗೆ ವಾಪಸ್ಸು ಬರುವಾಗ ಸಾಲ್ಸ್‌ಬರ್ಗ್ ಗಡಿಯಲ್ಲಿ ಜರ್ಮನ್ ಪೊಲೀಸರು ತಪಾಸಣೆ ಮಾಡುತ್ತಾರೆ, ಎಲ್ಲರ ಪಾಸ್‌ಪೋರ್ಟು ವೀಸಾ ಒಂದೇ ಚೀಲದಲ್ಲಿ ಕೈಗೆ ಸಿಗುವಂತಿರಲಿ. ಶನಿವಾರ ಮತ್ತು ಭಾನುವಾರ ಸಂಜೆ ಆ ಗಡಿಯಲ್ಲಿ ಕಾರುಗಳ ಸಾಲು ಉದ್ದ. ಭಾನುವಾರ ಬೆಳಗ್ಗೆ ತಿಂಡಿ ತಿಂದ ಕೂಡಲೇ ಹೊರಡಿ, ಇಲ್ಲವೇ ಒಂದು ರಾತ್ರಿ ಹೆಚ್ಚು ಉಳಿದು ಸೋಮವಾರ ಹೊರಡಿ. ನಾನು ಸಾಧ್ಯವಾದರೆ ಸೋಮವಾರವನ್ನೇ ಆರಿಸುತ್ತೇನೆ.